ಸ್ಕ್ವಾಡ್ರನ್ ಲೀಡರ್ ದೇವಯ್ಯ ವಾಪಸ್ ಬರಬಹುದಿತ್ತಾ? ಮಕ್ಕಳಿಗೆ ಏನು ಹೇಳೋಣ?

ಶಿಡ್ಲಘಟ್ಟದ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಗೋಡೆ ಖಾಲಿ ಇದೆ. ಯುದ್ಧದಲ್ಲಿ ಪ್ರಾಣ ಕೊಟ್ಟ ಕರ್ನಾಟಕದ ಒಬ್ಬ ಯೋಧರ ಚಿತ್ರ, ಅದರ ಕೆಳಗೆ ಮಕ್ಕಳು ಓದಿ ತಿಳಿದುಕೊಳ್ಳುವಂಥ ನಾಲ್ಕು ಸಾಲು ಹಾಕೋಣ ಅಂತ ಮಾತಾಯಿತು. ನಾನು ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರು ಹೇಳಿದೆ. ಕೊಡಗಿನವರು. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದವಲ್ಲ, ಆ ದಾಳಿಯಲ್ಲಿ, ತಮ್ಮ ವಿಮಾನಕ್ಕೆ ಏಟು ಬಿದ್ದಿದ್ದರೂ, ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಹೊಡೆದು ಉರುಳಿಸಿದವರು. ಅವರು ವಾಪಸ್ ಬರಲಿಲ್ಲ.

ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು, "ಏಟು ಬಿದ್ದ ವಿಮಾನದಲ್ಲಿ ಹೋರಾಡೋಕೆ ನಿಲ್ಲೋ ಬದಲು ಊರ ಕಡೆ ತಿರುಗಿಸಬಹುದಿತ್ತಲ್ವಾ? ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. ಇದು ಧೈರ್ಯಾನಾ, ದುಡುಕಾ?" ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಅವರ ಮಗನೇ ಈಗ ಸೇನೆಯಲ್ಲಿದ್ದಾನೆ. ಇನ್ನೊಬ್ಬರು, ನಮ್ಮ ಜಿಲ್ಲೆಯವರನ್ನು ಬಿಟ್ಟು ಕೊಡಗಿನವರು ಯಾಕೆ ಅಂದರು. ಎರಡೂ ಪ್ರಶ್ನೆಗೆ ನಿಮ್ಮ ಅಭಿಪ್ರಾಯ ಬೇಕು. ತಿಳಿದವರು ದಯವಿಟ್ಟು ಬರೆಯಿರಿ.

ಬಾಗೇಪಲ್ಲಿ ಬಿಸಿಲು
ಧೈರ್ಯವೇ ಸಾರ್. ಇದರಲ್ಲಿ ಕೇಳೋಕೆ ಏನಿದೆ? ಪರಮವೀರ ಚಕ್ರ ಸುಮ್ನೆ ಕೊಡ್ತಾರಾ?

ಮಧುಗಿರಿ ಬೆಟ್ಟ
ಪರಮವೀರ ಅಲ್ಲ, ಮಹಾವೀರ ಚಕ್ರ. ಪರಮವೀರ ಚಕ್ರ ಇದುವರೆಗೆ 21 ಜನಕ್ಕೆ ಮಾತ್ರ ಸಿಕ್ಕಿದೆ, ಅದರಲ್ಲಿ 14 ಮರಣೋತ್ತರ. ವಾಯುಪಡೆಯಿಂದ ಒಬ್ಬರೇ, ನಿರ್ಮಲ್ ಜಿತ್ ಸಿಂಗ್ ಸೆಖೋನ್. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಪಾಕಿಸ್ತಾನದ ಆರು ಸೇಬರ್ ವಿಮಾನಗಳು ಬಂದಾಗ, ರನ್‌ವೇ ಮೇಲೆ ಬಾಂಬ್ ಬೀಳುತ್ತಿರುವಾಗಲೇ ಪುಟ್ಟ ನ್ಯಾಟ್ ವಿಮಾನ ಏರಿಸಿ ಹೋದವರು. 26 ವರ್ಷ. ಮೇಷ್ಟ್ರೇ, ಬೋರ್ಡ್ ಬರೆಸುವಾಗ ಈ ಪದಕದ ಹೆಸರು ಮಾತ್ರ ತಪ್ಪಬಾರದು. ಗೋಡೆ ಮೇಲೆ ಬಂದದ್ದನ್ನು ಮಕ್ಕಳು ಹಾಗೇ ನಂಬುತ್ತಾರೆ.

ಬಾಗೇಪಲ್ಲಿ ಬಿಸಿಲು
ಸರಿ ಅಣ್ಣ, ಮಹಾವೀರ. ಆದರೂ ನನ್ನ ಮಾತು ಅದೇ.

ಗುಬ್ಬಿ ಸ್ಪ್ಯಾನರ್
ಆ ಹಿರಿಯರ ಪ್ರಶ್ನೆ ಒಳ್ಳೆಯದು, ಅದಕ್ಕೆ ಕೋಪ ಮಾಡಿಕೊಳ್ಳಬಾರದು. ಆದರೆ ಆ ಪ್ರಶ್ನೆಯ ಒಳಗೇ ಒಂದು ತಪ್ಪು ಲೆಕ್ಕ ಇದೆ. ತಿರುಗಿಸಿ ಓಡಿದ್ದರೆ ಉಳೀತಿದ್ದರು ಅಂತ ನಾವು ಅಂದುಕೊಂಡಿದ್ದೇವೆ. ಅದು ನಿಜಾನಾ ನೋಡಿ.

ಮಿಸ್ಟೇರ್ ಫ್ರಾನ್ಸಿನ ವಿಮಾನ. ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟುತ್ತಿರಲಿಲ್ಲ. ಸ್ಟಾರ್‌ಫೈಟರ್ ಅಮೆರಿಕದ್ದು. ಶಬ್ದಕ್ಕಿಂತ ಎರಡು ಪಟ್ಟು ವೇಗ. ಆ ಕಾಲಕ್ಕೆ ಈ ಭಾಗದ ಆಕಾಶದಲ್ಲಿ ಅದಕ್ಕೆ ಸಮ ಇರಲಿಲ್ಲ ಅಂತಲೇ ಎಲ್ಲರ ನಂಬಿಕೆ. ಅಂಥದ್ದು ಬೆನ್ನಿಗೆ ಬಿದ್ದಾಗ ನೇರವಾಗಿ ಓಡಿದರೆ ಏನಾಗುತ್ತದೆ? ಅವನು ಆರಾಮಾಗಿ ಹಿಂದೆ ಬಂದು ಗುರಿ ಇಡುತ್ತಾನೆ. ಆದರೆ ಸ್ಟಾರ್‌ಫೈಟರ್‌ಗೆ ಒಂದು ಕೊರತೆ ಇತ್ತು. ರೆಕ್ಕೆ ತುಂಬಾ ಗಿಡ್ಡ. ಗಟ್ಟಿಯಾಗಿ ತಿರುವು ತೆಗೆದುಕೊಳ್ಳೋಕೆ ಆಗುತ್ತಿರಲಿಲ್ಲ. ವೇಗ ಇಳಿಸಿ ಸುತ್ತಾಡೋ ಕಾದಾಟಕ್ಕೆ ಇಳಿದರೆ ಅದರ ಬಲವೇ ಹೋಗುತ್ತಿತ್ತು. ಮಿಸ್ಟೇರ್ ಚೆನ್ನಾಗಿ ತಿರುಗುತ್ತಿತ್ತು, ಅದರಲ್ಲಿ ಎರಡು 30 ಮಿಲಿಮೀಟರ್ ಫಿರಂಗಿ ಇದ್ದವು. ದೇವಯ್ಯ ಅದಕ್ಕೆ ಮೊದಲು ಹಾರಾಟ ಕಲಿಸುವ ಇನ್‌ಸ್ಟ್ರಕ್ಟರ್ ಆಗಿದ್ದವರು. ಇದೆಲ್ಲ ಅವರಿಗೆ ಗೊತ್ತಿಲ್ಲದ್ದೇನಲ್ಲ. ಅಂದರೆ ತಿರುಗಿ ನಿಂತದ್ದು ದುಡುಕಲ್ಲ, ಇದ್ದ ಒಂದೇ ಒಂದು ದಾರಿಯನ್ನು ಹಿಡಿದದ್ದು. ಅದೂ ಏಟು ತಿಂದ ವಿಮಾನದಲ್ಲಿ.

ನಾನು ವಿಮಾನ ಹಾರಿಸುವವನಲ್ಲ, ಪಾನಾ ಹಿಡಿಯುವವನು. ಆದರೆ ರೆಕ್ಕೆಗೆ ಪೆಟ್ಟಾದರೆ ಕೈಗೆ ಏನು ಗೊತ್ತಾಗುತ್ತದೆ ಅನ್ನೋದು ಪೈಲಟ್‌ಗಳು ಹೇಳಿ ಕೇಳಿದ್ದೇನೆ. ಸ್ಟಿಕ್, ಅಂದರೆ ವಿಮಾನ ತಿರುಗಿಸುವ ಹಿಡಿ, ಭಾರ ಆಗುತ್ತದೆ. ಒಂದು ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ನೇರ ಇಡೋಕೇ ಒಂದು ಕೈ ಬೇಕು. ಅಂಥ ವಿಮಾನವನ್ನು ನೆಲಕ್ಕೆ ಹತ್ತಿರದಲ್ಲಿ ತಿರುಗಿಸಿ, ಎದುರಾಳಿಯನ್ನು ಗುರಿಗೆ ತಂದು ಹೊಡೆಯೋದು ಅಂದರೆ ಸುಮ್ನೆ ಮಾತಲ್ಲ.

ಕೋಲಾರದ ಮಾವಿನತೋಪು
ಒಪ್ಪಿದೆ. ಇನ್ನೊಂದು ವಿಷಯ ಸೇರಿಸಿ. ಅವರು ಅವತ್ತಿನ ಮೊದಲ ಪಟ್ಟಿಯಲ್ಲೇ ಇರಲಿಲ್ಲ! ಆದಂಪುರದಿಂದ ಹೊರಟ ತಂಡಕ್ಕೆ ಅವರು ಸ್ಟ್ಯಾಂಡ್‌ಬೈ. ಯಾವುದಾದರೂ ವಿಮಾನ ತೊಂದರೆಯಾಗಿ ಹಿಂದೆ ಸರಿದರೆ ಆ ಜಾಗಕ್ಕೆ ಹೋಗಬೇಕಾದವರು. ಒಂದು ಸರಿಯಿತು, ಇವರು ಹೋದರು. ಹೊರಟದ್ದು ತಡ ಆದ್ದರಿಂದ ಮುಂದೆ ಹೋದವರನ್ನು ಹಿಡಿಯಬೇಕಿತ್ತು. ಬಹುಶಃ ಅದಕ್ಕೇ ಒಬ್ಬರೇ ಸಿಕ್ಕಿಬಿದ್ದರು.

ಮಾಜಿ ಹವಾಲ್ದಾರ್ ಮುಳಬಾಗಿಲು
ಈ ಸ್ಟ್ಯಾಂಡ್‌ಬೈ ಅನ್ನೋದರ ಬಗ್ಗೆ ನಾನು ಒಂದು ಮಾತು ಹೇಳಬೇಕು. ನಾನು ಕಾಲಾಳು, ವಾಯುಪಡೆ ಅಲ್ಲ. ಆದರೆ ಕಾಯೋದು ಎಲ್ಲ ಕಡೆ ಒಂದೇ. ಪಟ್ಟಿಯಲ್ಲಿ ಹೆಸರಿದ್ದವನಿಗೆ ರಾತ್ರಿಯೇ ಮನಸ್ಸು ಗಟ್ಟಿ ಆಗಿರುತ್ತದೆ. ಅವನು ಮನೆಗೆ ಕಾಗದ ಬರೆದಿರುತ್ತಾನೆ, ದೇವರಿಗೆ ಕೈ ಮುಗಿದಿರುತ್ತಾನೆ, ಮಲಗಿರುತ್ತಾನೆ. ಸ್ಟ್ಯಾಂಡ್‌ಬೈ ಆದವನಿಗೆ ಆ ನಿಶ್ಚಯ ಇರೋಲ್ಲ. ಹೋಗಬೇಕಾಗಬಹುದು, ಹೋಗದೆಯೂ ಇರಬಹುದು. ಕೊನೇ ನಿಮಿಷದಲ್ಲಿ ಹೊರಡು ಅಂದರೆ ಹೊರಡಬೇಕು. ನಾನು ಕಂಡ ಹಾಗೆ ಅದು ಜಾಸ್ತಿ ಕಷ್ಟ. ಆ ಸ್ಥಿತಿಯಲ್ಲಿ ಹೋಗಿ ಹಾಗೆ ಹೋರಾಡಿದ ಮನುಷ್ಯನನ್ನು ದುಡುಕು ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ ಮೇಷ್ಟ್ರೇ, ಮಗ ಕ್ಷೇಮವಾಗಿರಲಿ. ಆದರೆ ಈ ಮಾತನ್ನೂ ತಿಳಿಸಿ.

ಚಿಂತಾಮಣಿ ಸಂತೆ
ಹವಾಲ್ದಾರ್ ಸಾಹೇಬರೇ, ನಿಮ್ಮ ಸೇವೆಗೆ ನಮಸ್ಕಾರ. ಆದರೂ ಬೇರೆ ರೀತಿ ಯೋಚಿಸೋಕೆ ಬಿಡಿ. ಸೇನೆಗೆ ಬದುಕಿರುವ ಪೈಲಟ್ ಮುಖ್ಯ ಅಲ್ವಾ? ಒಬ್ಬ ಪೈಲಟ್‌ಗೆ ತರಬೇತಿ ಕೊಡೋಕೆ ಎಷ್ಟು ವರ್ಷ ಬೇಕು? ಸತ್ತವರನ್ನು ಮಾತ್ರ ಹೊಗಳೋದು ನಮ್ಮ ಕಡೆ ಜಾಸ್ತಿ. ಯೋಗೇಂದ್ರ ಸಿಂಗ್ ಯಾದವ್ 1999ರಲ್ಲಿ ಟೈಗರ್ ಹಿಲ್ ಮೇಲೆ ಮೈತುಂಬ ಗುಂಡು ತಿಂದು ಬದುಕಿ ಬಂದರು. 19 ವರ್ಷದ ಹುಡುಗ. ಪರಮವೀರ ಚಕ್ರ. ಅವರ ಚಿತ್ರ ಹಾಕಿದರೆ ಮಕ್ಕಳಿಗೆ ಹೋರಾಡೋದೂ ಬದುಕೋದೂ ಎರಡೂ ಕಾಣುತ್ತದೆ.

ಮಧುಗಿರಿ ಬೆಟ್ಟ
ಯಾದವ್ ಬದುಕಬೇಕು ಅಂತ ಹಿಂದೆ ಸರಿದು ಬದುಕಲಿಲ್ಲ ಸ್ವಾಮಿ. ಸಾಯೋಕೆ ತಯಾರಾಗಿ ಮೇಲೆ ಹತ್ತಿದರು, ಉಳಿದರು. ದೇವಯ್ಯನವರೂ ಉಳೀಬಹುದಿತ್ತು. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಯಾರು ಉಳಿದರು ಅನ್ನೋದು ಅವರ ಕೈಯಲ್ಲಿ ಇರಲಿಲ್ಲ.

ಚಿಂತಾಮಣಿ ಸಂತೆ
ಈ ಮಾತು ಒಪ್ಪತಕ್ಕದ್ದು. ಆದರೆ ಅರುಣ್ ಖೇತರ್‌ಪಾಲ್ ವಿಷಯದಲ್ಲಿ ಹಿಂದೆ ಸರಿ ಅಂತ ಹೇಳಿದ್ದರಲ್ಲ? 1971ರ ಡಿಸೆಂಬರ್ 16, ಬಸಂತರ್ ಕದನ. ಟ್ಯಾಂಕಿಗೆ ಬೆಂಕಿ ಹತ್ತಿತ್ತು, ಇಳಿದು ಬಾ ಅಂದರು. ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ ಅಂತ ಹೇಳಿ ಅವರು ಇಳಿಯಲಿಲ್ಲ. 21 ವರ್ಷ. ಅಲ್ಲಿ ಆಯ್ಕೆ ಇತ್ತು, ಅವರು ಆರಿಸಿಕೊಂಡರು. ನನಗೆ ಅದನ್ನು ಓದಿದಾಗಲೆಲ್ಲ ಆ ತಾಯಿ ತಂದೆ ನೆನಪಾಗುತ್ತಾರೆ. ಅಷ್ಟೇ ನಾನು ಹೇಳೋದು.

ಮಾಲೂರಿನ ಸೊಸೆ
ನೀವೆಲ್ಲ ವಿಮಾನ, ಟ್ಯಾಂಕು ಅಂತ ಮಾತಾಡ್ತಿದ್ದೀರಿ. ನಾನು ಸೈನಿಕರ ಹೆಂಡತಿ. ನನಗೆ ಈ ಕಥೆಯಲ್ಲಿ ಎದೆಗೆ ನಾಟೋದು 1965 ಅಲ್ಲ, 1988.

ಅವತ್ತು ಬೆಳಗ್ಗೆ ದೇವಯ್ಯನವರಿಗೆ ಏನಾಯಿತು ಅಂತ ನಮ್ಮ ಕಡೆ ಯಾರೂ ನೋಡಿರಲಿಲ್ಲ. ಲೆಕ್ಕದಲ್ಲಿ ಅವರು ಕಾಣೆಯಾದವರು. ಸತ್ತರು ಅಂತಲೂ ಇಲ್ಲ, ಗೆದ್ದರು ಅಂತಲೂ ಇಲ್ಲ. ಸ್ಟಾರ್‌ಫೈಟರ್ ಬಿದ್ದದ್ದು ಹೇಗೆ ಅನ್ನೋದು ಹೊರಗೆ ಬಂದದ್ದು 1979ರಲ್ಲಿ, ಪಾಕಿಸ್ತಾನದ ಕಡೆಯ ವಿವರ ಪಡೆದು ಬರೆದ ಒಬ್ಬ ಬ್ರಿಟಿಷ್ ಲೇಖಕರ ಪುಸ್ತಕದಿಂದ. ಅಂದರೆ ಅವರ ಶೌರ್ಯಕ್ಕೆ ಸಾಕ್ಷಿ ಹೇಳಿದ್ದು ಎದುರಾಳಿಯ ಕಡೆಯವರು. ಆಮೇಲೆ ಅವರ ಸ್ಕ್ವಾಡ್ರನ್ನಿನ ಕಮಾಂಡರ್ ಆಗಿದ್ದ ಓ.ಪಿ. ತನೇಜಾ ಅವರು ಪತ್ರ ಬರೆದು ಕೇಳಿದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ! ಅವರ ಪತ್ನಿ ಸುಂದರಿ ದೇವಯ್ಯ ಅದನ್ನು ತೆಗೆದುಕೊಂಡರು.

ಕಾಣೆಯಾದವರು ಅಂತ ಬರೆದ ಕಾಗದ ಇಟ್ಟುಕೊಂಡು ಒಬ್ಬ ಹೆಂಗಸು ಬದುಕೋದು ಹೇಗೆ ಯೋಚಿಸಿ. ಕುಂಕುಮ ಇಡಬೇಕಾ ಬೇಡವಾ ಅನ್ನೋದೇ ಗೊತ್ತಿರೋಲ್ಲ. ಮನೆ ಮುಂದೆ ಯಾವುದಾದರೂ ಜೀಪು ನಿಂತರೆ ಒಂದು ಕ್ಷಣ ಆಸೆ ಬರುತ್ತದೆ. ನನ್ನ ಗಂಡ ಎತ್ತರದ ಪೋಸ್ಟಿನಲ್ಲಿದ್ದಾಗ ಹಿಮ ಬಿದ್ದು ಫೋನ್ ಬರದೇ ಇದ್ದ ದಿನಗಳಲ್ಲಿ ನಾನು ಅಡುಗೆಮನೆಯಲ್ಲಿ ಮಾತ್ರ ಅಳುತ್ತಿದ್ದೆ, ಅತ್ತೆಗೆ ಕಾಣಬಾರದು ಅಂತ. ಅತ್ತೆ ದನದ ಕೊಟ್ಟಿಗೆಯಲ್ಲಿ ಅಳುತ್ತಿದ್ದರು, ನನಗೆ ಕಾಣಬಾರದು ಅಂತ. ಅದು ಕೆಲವೇ ದಿನ. ಅವರಿಗೆ ಅಷ್ಟು ವರ್ಷ. ಗೋಡೆ ಮೇಲೆ ಬರೆಯೋ ಸಾಲುಗಳಲ್ಲಿ ಆ ತಾಯಿಗೂ ಒಂದು ಸಾಲು ಇರಲಿ ಮೇಷ್ಟ್ರೇ.

ಬಾಗೇಪಲ್ಲಿ ಬಿಸಿಲು
ಅಕ್ಕಾ, ಓದಿ ಕಣ್ಣಲ್ಲಿ ನೀರು ಬಂತು.

ಶಿಡ್ಲಘಟ್ಟದ ಮೇಷ್ಟ್ರು
ಖಂಡಿತ ಇರುತ್ತದೆ ಅಮ್ಮಾ. ನೀವು ಹೇಳಿದ ಮೇಲೆ ಆ ಸಾಲಿಲ್ಲದೆ ಬೋರ್ಡ್ ಪೂರ್ತಿ ಆಗೋಲ್ಲ.

ತುರುವೇಕೆರೆ ತೆಂಗು
ಕಾಣೆಯಾದವರು, ಸೆರೆಸಿಕ್ಕವರು ಅಂದಾಗ ಇದೂ ನೆನಪಾಯಿತು. ಅದೇ ಯುದ್ಧದ ಕೊನೇ ಹೊತ್ತಿನಲ್ಲಿ, ಸೆಪ್ಟೆಂಬರ್ 22ರಂದು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನ ಹೊಡೆತ ತಿಂದು ಬಿದ್ದು, ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಇದ್ದವರು. ನಿಮ್ಮ ಮಗ ಕ್ಷೇಮ, ಬೇಕಾದರೆ ಅನುಕೂಲ ಮಾಡಿಕೊಡ್ತೀನಿ ಅನ್ನೋ ಅರ್ಥದ ಸಂದೇಶ ಬಂತು. ಕಾರ್ಯಪ್ಪನವರು ಬೇಡ ಅಂದರು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಥರ ನೋಡಿಕೊಳ್ಳಿ ಅಂದರು. ತ್ಯಾಗ ಅಂದರೆ ಗುಂಡಿಗೆ ಎದೆ ಕೊಡೋದು ಮಾತ್ರ ಅಲ್ಲ, ತಂದೆಯಾಗಿ ಆ ಮಾತು ಹೇಳೋಕೂ ಎದೆ ಬೇಕು.

ಕೋಲಾರದ ಮಾವಿನತೋಪು
ಮತ್ತೆ ಕೊಡಗು! ಮೇಷ್ಟ್ರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಬಯಲುಸೀಮೆಯವರಿಗೆ ಏನೂ ಇಲ್ವಾ?

ಕುಣಿಗಲ್ ಲಗಾಮು
ಯಾಕಿಲ್ಲ? ಹಳೇ ಮೈಸೂರು ಸೀಮೆ ಪೂರ್ತಿಗೆ ಸೇರಿದ ಒಂದು ಕಥೆ ಇದೆ. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಗೆದ್ದದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ಎದುರಿಗೆ ಮೆಷಿನ್ ಗನ್, ಫಿರಂಗಿ. ಇವರ ಕೈಯಲ್ಲಿ ಈಟಿ, ಕತ್ತಿ. ಕುದುರೆ ಮೇಲೆ ನುಗ್ಗಿದರು. ಮುಂದಾಳಾಗಿದ್ದ ಜೋಧಪುರದ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದರು. ದಿಲ್ಲಿಯ ತೀನ್ ಮೂರ್ತಿ ಇದೆಯಲ್ಲ, ಆ ಮೂವರು ಸವಾರರಲ್ಲಿ ಮೈಸೂರಿನವರಿಗೂ ಪಾಲಿದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವೇ ಇದೆ. ನಮ್ಮೂರಲ್ಲಿ ಟಿಪ್ಪು ಕಾಲದ ಕುದುರೆ ಫಾರಂ ನೋಡಿ ಬೆಳೆದವನಿಗೆ ಈ ಕಥೆ ಬೇರೆಯವರದ್ದು ಅನ್ನಿಸೋಲ್ಲ.

ಮಾಜಿ ಹವಾಲ್ದಾರ್ ಮುಳಬಾಗಿಲು
ಜಿಲ್ಲೆ ಜಿಲ್ಲೆ ಅಂತ ಹಂಚಿಕೊಳ್ಳಬೇಡಿ. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇದೆ, ನಮ್ಮ ಕಡೆ ಹುಡುಗರು ಎಷ್ಟೋ ಜನ ಅಲ್ಲಿಂದ ಹೋದವರು. ಆ ಪಡೆಯ ಸುಬೇದಾರ್ ಸುಬ್ರಮಣಿಯನ್ ತಮಿಳುನಾಡಿನವರು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಮಿನ್ಯಾನೊ ಹತ್ತಿರ, 1944ರ ಫೆಬ್ರವರಿ 24ರಂದು ನೆಲಬಾಂಬ್ ತೆಗೆಯುತ್ತಿದ್ದಾಗ ಜೊತೆಯವನ ಕಾಲು ಒಂದರ ಮೇಲೆ ಬಿತ್ತು. ಅದು ಸಿಡಿಯೋಕೆ ಕೆಲವೇ ಸೆಕೆಂಡ್. ಇವರು ಅದರ ಮೇಲೆ ತಾವೇ ಬಿದ್ದು ಮುಚ್ಚಿದರು. ಜೊತೆಯವರು ಉಳಿದರು, ಇವರು ಹೋದರು. ಬ್ರಿಟಿಷರ ದೊಡ್ಡ ಶೌರ್ಯ ಪದಕ ಜಾರ್ಜ್ ಕ್ರಾಸ್ ಕೊಟ್ಟರು. ಅವತ್ತು ಕಾಲಿಟ್ಟವನು ಯಾವ ಊರಿನವನು ಅಂತ ಕೇಳಿ ಬಿದ್ದರಾ ಅವರು?

ಗುಬ್ಬಿ ಸ್ಪ್ಯಾನರ್
ಇದಕ್ಕೆ ಮೇಲೆ ಮಾತಿಲ್ಲ ಹವಾಲ್ದಾರ್ ಸಾರ್. ಅಂದ ಹಾಗೆ ಮೇಷ್ಟ್ರೇ, ಮಕ್ಕಳಿಗೆ ನಂಟು ಬೇಕೇ ಬೇಕು ಅಂದರೆ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದದ್ದು. ಹಾರುವವರ ಜೀವ ಕಟ್ಟುವವರ ಕೈಯಲ್ಲಿ ಅಂತ ಹೇಳಿ. ನಮ್ಮ ಜಿಲ್ಲೆಗಳ ಐಟಿಐ ಹುಡುಗರಿಗೆ ಅದು ತಟ್ಟುತ್ತದೆ.

ಚಿಂತಾಮಣಿ ಸಂತೆ
ಹೊಗಳಿಕೆ ಸರಿ, ಸೈನಿಕರ ಮನೆಯವರನ್ನು ನಾವು ಹೇಗೆ ನೋಡಿಕೊಳ್ತೀವಿ ಅದನ್ನೂ ಮಾತಾಡಿ. ನಮ್ಮ ದೊಡ್ಡಪ್ಪ 1971ರಲ್ಲಿ ಗಡಿಯಲ್ಲಿದ್ದವರು. ಜಮೀನಿಗೆ ಅರ್ಜಿ ಹಾಕಿ ಕಚೇರಿ ಅಲೆದು ಅಲೆದು ಚಪ್ಪಲಿ ಸವೆಸಿದರು. ಪ್ರತಿ ಸಲ ಒಂದು ಹೊಸ ಕಾಗದ ಕೇಳೋರು. ಕೊನೆಗೆ ಅರ್ಜಿ ಅಲ್ಲೇ ಉಳೀತು, ಅವರು ಹೋದರು.

ಮಾಲೂರಿನ ಸೊಸೆ
ಇದು ಬಹಳ ಮನೆಗಳ ಕಥೆ ಅಣ್ಣ. ಹಾರ ಹಾಕೋ ದಿನ ಎಲ್ಲರೂ ಬರ್ತಾರೆ.

ಮಧುಗಿರಿ ಬೆಟ್ಟ
ನೋವು ನಿಜ. ಅದಕ್ಕೆ ಬೇರೆ ಚರ್ಚೆಯೇ ಶುರು ಮಾಡೋಣ, ಇಲ್ಲಿ ಬೆರೆತು ಕಳೆದುಹೋಗಬಾರದು.

ಶಿಡ್ಲಘಟ್ಟದ ಮೇಷ್ಟ್ರು
ಎಲ್ಲರ ಮಾತು ಸೇರಿಸಿ ಒಂದು ಕರಡು ಬರೆದಿದ್ದೇನೆ. ತಿದ್ದಿ.

"ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, ಮಹಾವೀರ ಚಕ್ರ. ಕೊಡಗಿನವರು. ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ, ತಮಗಿಂತ ಬಹಳ ವೇಗದ ವಿಮಾನ ಬೆನ್ನಟ್ಟಿದಾಗ, ತಮ್ಮ ವಿಮಾನಕ್ಕೆ ಪೆಟ್ಟಾಗಿದ್ದರೂ ತಿರುಗಿ ಹೋರಾಡಿ ಅದನ್ನು ಉರುಳಿಸಿದರು. ತಾವು ಮರಳಲಿಲ್ಲ. ತಮ್ಮ ಸಂಗಡಿಗರೆಲ್ಲರ ಪ್ರಾಣ ಉಳಿಸಿದರು. ಅವರು ಮಾಡಿದ್ದು ನಮ್ಮವರಿಗೆ ತಿಳಿಯಲು ಬಹಳ ವರ್ಷ ಹಿಡಿಯಿತು. 1988ರಲ್ಲಿ ಅವರ ಪತ್ನಿ ಸುಂದರಿ ದೇವಯ್ಯ ಪದಕ ಸ್ವೀಕರಿಸಿದರು. ಅಷ್ಟು ವರ್ಷ ಕಾದವರು ಅವರು."

ಮಧುಗಿರಿ ಬೆಟ್ಟ
"ಸಂಗಡಿಗರೆಲ್ಲರ ಪ್ರಾಣ ಉಳಿಸಿದರು" ತೆಗೆಯಿರಿ. ಆ ಸ್ಟಾರ್‌ಫೈಟರ್ ಇವರ ಬೆನ್ನು ಬಿಟ್ಟಿದ್ದರೆ ಬೇರೆಯವರ ಮೇಲೆ ಹೋಗುತ್ತಿತ್ತೇನೋ, ಅದು ನಮ್ಮ ಊಹೆ. ಅವರು ಮಾಡಿದ್ದಕ್ಕೆ ನಾವು ಸೇರಿಸೋದು ಏನೂ ಬೇಡ, ಇದ್ದದ್ದೇ ಸಾಕಷ್ಟು ದೊಡ್ಡದು.

ಗುಬ್ಬಿ ಸ್ಪ್ಯಾನರ್
ಹೌದು, ತೆಗೆಯಿರಿ. ಅದರ ಬದಲು ವಾಯುಪಡೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದವರು ಅವರೊಬ್ಬರೇ ಅಂತ ಹಾಕಿ. ಅವತ್ತು ಅವರಿಗೆ 32 ವರ್ಷ ಅನ್ನೋದನ್ನೂ ಹಾಕಿ.

ಚಿಂತಾಮಣಿ ಸಂತೆ
ಸ್ಟ್ಯಾಂಡ್‌ಬೈ ವಿಷಯ ಬಿಟ್ಟುಹೋಗಿದೆ. ನನ್ನ ಮನಸ್ಸು ಬದಲಿಸಿದ್ದು ಅದೇ. "ಬೇರೊಬ್ಬರ ಜಾಗಕ್ಕೆ ಹೋದರು" ಅಂತ ಒಂದು ಸಾಲು ಸೇರಿಸಿ.

ಶಿಡ್ಲಘಟ್ಟದ ಮೇಷ್ಟ್ರು
ಮೂರೂ ತಿದ್ದುತ್ತೇನೆ. ಬೋರ್ಡ್ ಬರೆಯುವವರಿಗೆ ಸೋಮವಾರ ಕೊಡುತ್ತೇನೆ. ಆ ಹಿರಿಯರಿಗೆ ಗುಬ್ಬಿಯವರ ಲೆಕ್ಕವನ್ನೂ ಹವಾಲ್ದಾರರ ಮಾತನ್ನೂ ಓದಿ ಹೇಳಿದೆ. ರೆಕ್ಕೆಯ ವಿಷಯವನ್ನು ಎರಡನೇ ಸಲ ಓದಿಸಿದರು. ಉದ್ಘಾಟನೆಗೆ ತಾವೇ ಬರ್ತೀನಿ ಅಂದಿದ್ದಾರೆ.

ಅಗ್ನಿವೀರ್ ಆಗ್ಬೇಕು
ನಾನು ಶ್ರೀನಿವಾಸಪುರದವನು, ಭರ್ತಿ ರ್‍ಯಾಲಿಗೆ ತಯಾರಿ ಮಾಡ್ತಿದ್ದೇನೆ. ಹವಾಲ್ದಾರ್ ಸಾರ್, ಒಂದು ಪ್ರಶ್ನೆ. ಇವರಿಗೆಲ್ಲ ಭಯವೇ ಆಗೋಲ್ವಾ? ನನಗೆ ರಾತ್ರಿ ಯೋಚನೆ ಮಾಡಿದರೆ ಭಯ ಆಗುತ್ತೆ. ನಾನು ಲಾಯಕ್ಕಾ?

ಮಾಜಿ ಹವಾಲ್ದಾರ್ ಮುಳಬಾಗಿಲು
ಆಗುತ್ತೆ ಮಗಾ, ಎಲ್ಲರಿಗೂ ಆಗುತ್ತೆ. ಬಾಯಿ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ. ಹೆಲ್ಮೆಟ್ ಪಟ್ಟಿ ಬಿಗಿಯೋಕೆ ಹೋದರೆ ಬೆರಳು ಮಾತು ಕೇಳೋಲ್ಲ. ಆಮೇಲೆ ಕೆಲಸ ಶುರು ಆಗುತ್ತದೆ, ಕಲಿತದ್ದನ್ನು ಕೈ ಮಾಡುತ್ತದೆ. 1965ರಲ್ಲಿ ಖೇಮಕರಣ್ ಕಡೆ ಅಬ್ದುಲ್ ಹಮೀದ್ ಜೀಪಿಗೆ ಕಟ್ಟಿದ 106 ಮಿಲಿಮೀಟರ್ ರಿಕಾಯ್ಲ್‌ಲೆಸ್ ಗನ್‌ನಿಂದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದರಲ್ಲ, ಆ ಗನ್ ಹತ್ತಿರ ನಿಂತವರಿಗೆ ಗೊತ್ತು. ಒಂದು ಸಲ ಹಾರಿಸಿದರೆ ಹಿಂದುಗಡೆಯಿಂದ ಬೆಂಕಿ, ಧೂಳು ಎದ್ದು ನೀನು ಎಲ್ಲಿದ್ದೀಯ ಅಂತ ಶತ್ರುವಿಗೆ ತೋರಿಸಿಬಿಡುತ್ತದೆ. ತಕ್ಷಣ ಜಾಗ ಬದಲಿಸಬೇಕು. ಬದಲಿಸಿ ಮತ್ತೆ ಹೊಡೆಯಬೇಕು. ಅವರು ಅದನ್ನೇ ಮತ್ತೆ ಮತ್ತೆ ಮಾಡಿದರು, ಕೊನೆಗೆ ಒಂದು ಟ್ಯಾಂಕು ಅವರನ್ನು ಹುಡುಕಿತು. ಪ್ರತಿ ಸಲ ಜೀಪು ನಿಲ್ಲಿಸಿದಾಗ ಅವರಿಗೆ ಭಯ ಆಗಿರಲ್ಲ ಅಂತೀಯಾ? ಆಗಿರುತ್ತದೆ. ಆದರೂ ನಿಲ್ಲಿಸಿದರು. ನಿನಗೆ ಭಯ ಇದೆ ಅಂತ ಇಲ್ಲಿ ಎಲ್ಲರ ಮುಂದೆ ಹೇಳಿದೆಯಲ್ಲ, ನೀನು ಲಾಯಕ್ಕು.

1600 ಮೀಟರ್ ಎಷ್ಟು ಹೊತ್ತಿಗೆ ಓಡ್ತೀಯ?

ಅಗ್ನಿವೀರ್ ಆಗ್ಬೇಕು
ಆರು ನಿಮಿಷದ ಹತ್ತಿರ ಸಾರ್. ಬೈಪಾಸ್ ರಸ್ತೆ ಮೇಲೆ ಓಡ್ತೀನಿ, ಮಂಡಿ ನೋವು ಶುರುವಾಗಿದೆ.

ಮಾಜಿ ಹವಾಲ್ದಾರ್ ಮುಳಬಾಗಿಲು
ಟಾರ್ ರಸ್ತೆ ಬಿಡು, ಮಂಡಿ ಹೋಗುತ್ತೆ. ಮಣ್ಣಿನ ಮೈದಾನ ಹುಡುಕು, ಇಲ್ಲ ಕೆರೆ ಏರಿ ಮೇಲೆ ಓಡು. ನೋವು ಹೋಗೋವರೆಗೆ ವೇಗ ಬೇಡ. ಭಾನುವಾರ ಮುಳಬಾಗಿಲಿಗೆ ಬಾ, ನಮ್ಮ ಮೈದಾನದಲ್ಲಿ ಇನ್ನೂ ನಾಲ್ಕು ಹುಡುಗರು ಓಡ್ತಾರೆ. ಬೆಳಗ್ಗೆ ಐದೂವರೆಗೆ ಶುರು.